ನಾಲ್ಕು ಗಂಟೆಯ ಬೆಲ್ ಆದ ಮೇಲೆ

ನಾನು ಕಲಿಯುವಾಗ ನಮ್ಮ ಮಾಷ್ಟ್ರ ಅರ್ಧ ಕೆಲಸ ಶುರುವಾಗುತ್ತಿದ್ದದ್ದೇ ನಾಲ್ಕು ಗಂಟೆಯ ಬೆಲ್ ಆದ ಮೇಲೆ. ಮಕ್ಕಳು ಚೀಲ ಹೊತ್ತು ಗುಡ್ಡೆ ಇಳಿಯುವ ಹೊತ್ತಿಗೆ ದೊಡ್ಡವರು ಗುಡ್ಡೆ ಹತ್ತಿ ಬರುತ್ತಿದ್ದರು. ಕೈಯಲ್ಲೊಂದು ಕಾಗದ. ತಾಲೂಕು ಆಫೀಸಿನ ನೋಟೀಸು, ರೇಷನ್ ಕಾರ್ಡಿನ ಅರ್ಜಿ, ಇಲ್ಲವೇ ಬೊಂಬಾಯಿಯ ಹೋಟೆಲಿನಲ್ಲಿದ್ದ ಮಗನ ಪತ್ರ.

1956ರ ನವೆಂಬರ್ 1ಕ್ಕೆ ಕಾಸರಗೋಡು ಕೇರಳಕ್ಕೆ ಸೇರಿತು. ಆಮೇಲೆ ಸರ್ಕಾರದ ಕಾಗದಗಳು ಮಲಯಾಳದಲ್ಲಿ ಬರತೊಡಗಿದವು. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಆಫೀಸಿನಲ್ಲಿ ಮಲಯಾಳ. ಮೂರನ್ನೂ ಓದಿ, ಬರೆದು, ತಿಳಿಸಿ ಹೇಳುವವರು ನಮ್ಮ ಊರಿಗೆ ಮಾಷ್ಟ್ರು ಒಬ್ಬರೇ. ಅವರು ಕಾಗದವನ್ನು ಮೊದಲು ಮನಸ್ಸಿನಲ್ಲೇ ಓದುತ್ತಿದ್ದರು. ಆಮೇಲೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ತುಳುವಿನಲ್ಲಿ ವಿಷಯ ಹೇಳುತ್ತಿದ್ದರು. ಸಾಲದ ನೋಟೀಸಾದರೆ ಅಲ್ಲೇ ಸುಳಿದಾಡುತ್ತಿದ್ದ ನಮ್ಮನ್ನು ಬಾವಿಯಿಂದ ನೀರು ತರಲು ಕಳಿಸುತ್ತಿದ್ದರು. ಒಬ್ಬರ ಮನೆಯ ಕಷ್ಟ ಇನ್ನೊಬ್ಬರ ಕಿವಿಗೆ ಬೀಳಬಾರದು. ಅದು ನನಗೆ ಅರ್ಥವಾದದ್ದು ಎಷ್ಟೋ ವರ್ಷದ ನಂತರ.

ಆಗ ನಮ್ಮ ಕಡೆ ಮಾಷ್ಟ್ರು ಅಂದರೆ ಊರಿನ ಎಲ್ಲ ಕೆಲಸಕ್ಕೂ ಮುಂದೆ ನಿಲ್ಲುವವರು. ಪೆರಡಾಲದ ನವಜೀವನ ಹೈಸ್ಕೂಲಿನಲ್ಲಿ ಪಾಠ ಹೇಳಿದ ಕಯ್ಯಾರ ಕಿಞ್ಞಣ್ಣ ರೈಗಳನ್ನೇ ನೋಡಿ. ಕವಿ, ಕೃಷಿಕ, ಬದಿಯಡ್ಕ ಪಂಚಾಯತಿನ ಅಧ್ಯಕ್ಷ, ಕನ್ನಡದ ಹೋರಾಟಗಾರ, ಎಲ್ಲವೂ ಅವರೇ.

ಸಾಕ್ಷರತಾ ಆಂದೋಲನದ ಸಮಯದಲ್ಲಿ ರಾತ್ರಿಯೂ ನಮ್ಮ ಶಾಲೆಯಲ್ಲಿ ದೀಪ ಉರಿಯುತ್ತಿತ್ತು. ಬೀಡಿ ಕಟ್ಟುವ ಹೆಂಗಸರು ಎಲೆಯ ಕೆಲಸ ಮುಗಿಸಿ ಬರುತ್ತಿದ್ದರು. ನನ್ನ ಅಮ್ಮನೂ ಅವರಲ್ಲಿ ಒಬ್ಬಳು. ಮಾಷ್ಟ್ರು ಅವಳ ಹೆಸರನ್ನು ಸ್ಲೇಟಿನಲ್ಲಿ ದೊಡ್ಡದಾಗಿ ಬರೆದು ಕೊಟ್ಟರು. ಅವಳು ಅದರ ಮೇಲೆಯೇ ಕಡ್ಡಿ ಎಳೆದು ಎಳೆದು ಕಲಿತಳು. 1991ರ ಏಪ್ರಿಲ್ 18ರಂದು ಕೇರಳ ಪೂರ್ಣ ಸಾಕ್ಷರವಾಯಿತೆಂದು ಕೋಯಿಕ್ಕೋಡಿನಲ್ಲಿ ಘೋಷಿಸಿದವರು ಚೇಲಕ್ಕೋಡನ್ ಆಯಿಷಾ. ಅವರೂ ಆಗಷ್ಟೇ ಅಕ್ಷರ ಕಲಿತವರು. ಅಮ್ಮನಿಗೆ ಅದು ತನ್ನದೇ ಗೆಲುವು ಅನ್ನಿಸಿತ್ತು. ಮುಂದೆ ಸೊಸೈಟಿ ಬ್ಯಾಂಕಿನಲ್ಲಿ ಅವಳು ಯಾವತ್ತೂ ಹೆಬ್ಬೆಟ್ಟು ಒತ್ತಲಿಲ್ಲ. ಕನ್ನಡದಲ್ಲೇ ಸಹಿ ಹಾಕಿದಳು.

ಈಗ ಅರ್ಜಿ ತುಂಬಿಸಲು ಸರ್ಕಾರದ ಕಂಪ್ಯೂಟರ್ ಸೇವೆಯ ಅಕ್ಷಯ ಕೇಂದ್ರ ಇದೆ. ಪತ್ರ ಓದಿಸಬೇಕಾಗಿಲ್ಲ, ಮಗ ವಿಡಿಯೋದಲ್ಲಿ ಮಾತಾಡುತ್ತಾನೆ. ಹಾಗಾದರೆ ಟೀಚರ್ ಕೆಲಸ ಕಡಿಮೆ ಆಯಿತಾ? ನನಗೆ ಹಾಗೆ ಕಾಣುವುದಿಲ್ಲ. ಆಗ ಊರು ಗುಡ್ಡೆ ಹತ್ತಿ ಶಾಲೆಗೆ ಬರುತ್ತಿತ್ತು, ಈಗ ಟೀಚರ್ ಗುಡ್ಡೆ ಇಳಿದು ಮನೆ ಮನೆಗೆ ಹೋಗುತ್ತಾರೆ. ಜೂನಿನಲ್ಲಿ ಶಾಲೆ ತೆರೆದ ಆರನೇ ಕೆಲಸದ ದಿನದ ಮಕ್ಕಳ ಲೆಕ್ಕದ ಮೇಲೆ ಡಿವಿಷನ್, ಅಂದರೆ ಕ್ಲಾಸಿನ ವಿಭಾಗ, ನಿಲ್ಲಬೇಕು. ಡಿವಿಷನ್ ಬಿದ್ದರೆ ಹುದ್ದೆಯೂ ಹೋಯಿತು. ಹಾಗಾಗಿ ಮಕ್ಕಳನ್ನು ಶಾಲೆಗೆ ಸೇರಿಸಲು ಮೇ ತಿಂಗಳ ಬಿಸಿಲಲ್ಲಿ ಫಾರಂ ಹಿಡಿದು ತಿರುಗಾಟ. ಮನೆಯವರು ಕೂರಿಸಿ ಶರಬತ್ತು ಕೊಡುತ್ತಾರೆ. ಆಮೇಲೆ ಮೆಲ್ಲ ಕೇಳುತ್ತಾರೆ, "ಬಸ್ ಉಂಟಾ ಟೀಚರ್? ಇಂಗ್ಲಿಷ್ ಮೀಡಿಯಂ ಉಂಟಾ?"

ಒಂದನೇ ಕ್ಲಾಸಿಗೆ ಬರುವ ಮಗು ತುಳುವೋ ಬ್ಯಾರಿಯೋ ಕೊಂಕಣಿಯೋ ಮಾತಾಡುತ್ತದೆ. ಅದರ ಮಾತನ್ನು ಹಿಡಿದೇ ಟೀಚರ್ ಕನ್ನಡದ 'ಅ'ಕ್ಕೆ ಬರಬೇಕು. ಕನ್ನಡ ಬಾರದ ಟೀಚರುಗಳನ್ನು ಕನ್ನಡ ಮಕ್ಕಳ ಕ್ಲಾಸಿಗೆ ಹಾಕಿದಾಗ ಜಿಲ್ಲೆಯಲ್ಲಿ ಜನ ಬೀದಿಗಿಳಿದದ್ದು ಸುಮ್ನೆ ಅಲ್ಲ. ಎದುರಿರುವ ಮಗು ಏನು ಹೇಳಿತೆಂದೇ ಗೊತ್ತಾಗದಿದ್ದರೆ ಪಾಠ ಎಲ್ಲಿಂದ ಶುರು ಮಾಡುವುದು? ಕೊರೊನಾದಿಂದ ಶಾಲೆ ಮುಚ್ಚಿ 2020ರ ಜೂನ್ 1ಕ್ಕೆ ಕೇರಳ ಸರ್ಕಾರದ ವಿಕ್ಟರ್ಸ್ ಟಿವಿ ಚಾನೆಲಿನಲ್ಲಿ ಕ್ಲಾಸು ಶುರುವಾದಾಗಲೂ, ಕೊಡೆ ಹಿಡಿದು ವರ್ಕ್‌ಶೀಟ್ ತಂದು ಕೊಟ್ಟವರು ನಮ್ಮ ಶಾಲೆಯ ಟೀಚರುಗಳೇ.

ಈ ಮೇ ತಿಂಗಳು ನಾನು ಊರಿನಲ್ಲಿರುತ್ತೇನೆ. ಟೀಚರುಗಳ ಜೊತೆ ಮನೆಗಳಿಗೆ ಹೋಗುವುದೆಂದು ಮಾತಾಡಿ ಆಗಿದೆ. ಹಳೆ ವಿದ್ಯಾರ್ಥಿಗಳು ಕೂಡ ಬಂದರೆ ಮನೆಯವರ ಹತ್ತಿರ ಮಾತಾಡಲು ಜಾಸ್ತಿ ಧೈರ್ಯ ಅಂತ ಅವರೇ ಹೇಳಿದರು. ಬರುವವರು ಶಾಲೆಯ ಆಫೀಸಿನಲ್ಲಿ ಹೆಸರು ಕೊಡಿ. ಬೈಕ್ ಇದ್ದವರು ಬಂದರೆ ಒಳ್ಳೆಯದು, ಮೇಲಿನ ಮನೆಗಳಿಗೆ ಬಸ್ಸಿಲ್ಲ.