ತುದಿಯಿಂದ ನಡುವಿಗೆ

ನಮ್ಮ ಮನೆಯಲ್ಲಿ ಸೂಜಿಗಳಿಗೂ ಹಾಜರಿ ಇದೆ. ಕೌದಿ ಹೊಲಿಯಲು ಬರುವ ಹೆಣ್ಣುಮಕ್ಕಳಿಗೆ ಬೆಳಗ್ಗೆ ಎಷ್ಟು ಸೂಜಿ ಕೊಟ್ಟೆ ಎಂದು ಕ್ಯಾಲೆಂಡರಿನ ಆ ದಿನದ ಮನೆಯಲ್ಲಿ ಬರೆಯುತ್ತೇನೆ. ಊಟಕ್ಕೆ ಏಳುವಾಗ ಒಮ್ಮೆ, ಸಂಜೆ ಹೊರಡುವಾಗ ಒಮ್ಮೆ ಎಣಿಸಿ, ಉಣ್ಣೆ ಬಟ್ಟೆಯ ತುಂಡಿಗೆ ಚುಚ್ಚಿ ಡಬ್ಬಿಗೆ ಹಾಕುತ್ತೇವೆ. ಆಮೇಲೆ ಹಳೇ ಸ್ಪೀಕರಿನಿಂದ ಬಿಚ್ಚಿದ ಅಯಸ್ಕಾಂತವನ್ನು ಚಾಪೆಯ ಅಂಚು, ಹೊಸ್ತಿಲ ಸಂದಿ, ಕಪಾಟಿನ ಅಡಿ ಎಲ್ಲ ಕಡೆ ಆಡಿಸುತ್ತೇನೆ. ಮಗಳಿಗೆ ಈಗ ಹತ್ತು ತಿಂಗಳು. ಒಂಬತ್ತು ತಿಂಗಳ ಸುಮಾರಿಗೆ ಕೂಸುಗಳಿಗೆ ಹೆಬ್ಬೆರಳು, ತೋರುಬೆರಳು ಕೂಡಿಸಿ ಸಣ್ಣ ವಸ್ತು ಎತ್ತಿಕೊಳ್ಳುವ ಹದ ಬರುತ್ತದೆ. ಎತ್ತಿಕೊಂಡದ್ದು ನೇರ ಬಾಯಿಗೆ. ನನ್ನ ಕಣ್ಣಿಗೆ ಬೀಳದ ದಾರದ ಎಳೆ ಅವಳ ಕಣ್ಣಿಗೆ ಬೀಳುತ್ತದೆ. ಹೀಗಾಗಿ ಸೂಜಿ ಸಿಗುವವರೆಗೆ ನಮ್ಮಲ್ಲಿ ಯಾರಿಗೂ ಚಹಾ ಇಲ್ಲ.

ನನ್ನ ಕೆಲಸ ಕೌದಿ ಡಿಸೈನ್ ಮಾಡುವುದು. ಧಾರವಾಡದ ನಮ್ಮ ಬಾಡಿಗೆ ಮನೆಯ ಪಡಸಾಲೆಯೇ ಕಾರ್ಖಾನೆ. ಜನ ತಮ್ಮ ಮನೆಯ ಹಳೇ ಸೀರೆ, ಧೋತರ, ಕುಪ್ಪಸ ತಂದುಕೊಡುತ್ತಾರೆ. ಅವುಗಳಲ್ಲಿ ಯಾವುದು ಮೇಲೆ, ಯಾವುದು ಒಳಪದರ, ಯಾವ ಬಣ್ಣದ ಪಕ್ಕ ಯಾವ ಬಣ್ಣ, ಹೊಲಿಗೆಯ ಸಾಲು ಎಷ್ಟು ಒತ್ತಾಗಿರಬೇಕು ಎಂಬುದನ್ನು ನಾನು ನೋಡಿಕೊಳ್ಳುತ್ತೇನೆ. ಹೊಲಿಯುವ ಕೈಗಳು ಬೇರೆಯವರವು. ಅವರಲ್ಲಿ ಹಿರಿಯರನ್ನು ನಾನು ದೊಡ್ಡವ್ವ ಅಂತಲೇ ಕರೆಯುತ್ತೇನೆ. ಅವರ ಹೊಲಿಗೆಯ ಸಾಲಿಗೆ ಅಡಿಪಟ್ಟಿ ಇಟ್ಟು ನೋಡಿದರೂ ಎಲ್ಲೂ ಸೊಟ್ಟ ಸಿಗುವುದಿಲ್ಲ.

ಮಗಳು ಹುಟ್ಟುವ ಮುಂಚೆ ನಾನು ಎಲ್ಲವನ್ನೂ ಕಂಪ್ಯೂಟರಿನಲ್ಲಿ ಬಿಡಿಸಿಕೊಂಡೇ ಕತ್ತರಿ ಹಿಡಿಯುತ್ತಿದ್ದೆ. ನಡುವಿನಲ್ಲಿ ಒಂದು ದೊಡ್ಡ ಚೌಕ, ಅದರ ಸುತ್ತ ಚಿಕ್ಕವು, ಕೊನೆಗೆ ಅಂಚು. ಕಲಿತದ್ದು ಹಾಗೆ. ಆ ರೀತಿಯಲ್ಲಿ ಕೆಲಸ ಮಾಡಲು ಯಾರೂ ಎಬ್ಬಿಸದ ಎರಡು ಮೂರು ತಾಸು ಒಟ್ಟಿಗೆ ಬೇಕು. ಕೂಸು ಇರುವ ಮನೆಯಲ್ಲಿ ಅಂಥ ತಾಸು ಎಲ್ಲಿಂದ ತರುವುದು? ಬಾಣಂತನ ಮುಗಿಸಿ ತವರಿನಿಂದ ಬಂದ ಹೊಸದರಲ್ಲಿ ಅರ್ಧ ಬಿಡಿಸಿದ ಡಿಸೈನುಗಳು ಕಂಪ್ಯೂಟರಿನಲ್ಲಿ ಹಾಗೆಯೇ ಕೂತಿದ್ದವು.

ಆಗ ನೆನಪಾದದ್ದು ಸಿದ್ದಿ ಹೆಣ್ಣುಮಕ್ಕಳ ಕೆಲಸ. ಕಾಲೇಜಿನಲ್ಲಿದ್ದಾಗ ಹಳಿಯಾಳ, ಯಲ್ಲಾಪುರದ ಕಡೆಯ ಸಿದ್ದಿ ಹಾಡಿಗಳಿಗೆ ಹೋಗಿ ಅವರು ಹೊಲಿಯುವುದನ್ನು ಕೂತು ನೋಡಿದ್ದೆ. ಶತಮಾನಗಳ ಹಿಂದೆ ಆಫ್ರಿಕಾದಿಂದ ಈ ಕಡಲತೀರಕ್ಕೆ ತರಲಾದವರ ಮಕ್ಕಳ ಮಕ್ಕಳು ಅವರು. ತಮ್ಮ ಕೌದಿಗೆ ಕವಂದಿ ಅನ್ನುತ್ತಾರೆ. ತಳಕ್ಕೆ ಒಂದು ಹಳೇ ಸೀರೆ ಹಾಸಿ, ಒಂದು ಮೂಲೆಯಿಂದ ಶುರು ಮಾಡಿ, ಕೈಗೆ ಸಿಕ್ಕ ತುಂಡಿನ ಅಂಚು ಮಡಚಿ ಇಟ್ಟು, ಅದನ್ನು ಅಲ್ಲೇ ಹೊಲಿಯುತ್ತ ಅಂಚಿನುದ್ದಕ್ಕೂ ಸುತ್ತು ಬರುತ್ತಾರೆ. ಸುತ್ತು ಸುತ್ತಾಗಿ ಒಳಗೆ ಸರಿಯುತ್ತ ಬಂದು ನಡುವಿನಲ್ಲಿ ಮುಗಿಸುತ್ತಾರೆ. ಕಾಗದದ ಮೇಲೆ ನಕ್ಷೆ ಇಲ್ಲ. ಮುಂದಿನ ತುಂಡು ಯಾವುದು ಎಂಬುದು ಹಿಂದಿನ ತುಂಡು ಮುಗಿದಾಗ ತೀರ್ಮಾನ. ಅಷ್ಟರಲ್ಲಿ ದನ ಕೂಗಿದರೆ, ಕೂಸು ಅತ್ತರೆ ಸೂಜಿಯನ್ನು ಅಲ್ಲೇ ಚುಚ್ಚಿಟ್ಟು ಏಳುತ್ತಿದ್ದರು, ತಿರುಗಿ ಬಂದು ಅಲ್ಲಿಂದಲೇ ಮುಂದುವರಿಸುತ್ತಿದ್ದರು. ಆಗ ನಾನು ಬಣ್ಣಗಳನ್ನಷ್ಟೇ ಬರೆದುಕೊಂಡಿದ್ದೆ. ಈ ಏಳುವುದು, ಕೂಡುವುದು ನನಗೆ ಅರ್ಥವಾದದ್ದು ತೊಡೆಯ ಮೇಲೆ ಕೂಸು ಬಂದ ಮೇಲೆಯೇ.

ನಾಲ್ಕು ಮೂಲೆಗೆ ಅವರು ಬಟ್ಟೆ ಮಡಚಿ ಹೊಲಿಯುವ ಹೂವನ್ನು ನಾನು ನನ್ನ ಕೌದಿಗಳಲ್ಲಿ ಹಾಕುವುದಿಲ್ಲ. ಅದಿಲ್ಲದೆ ಕವಂದಿ ಪೂರ್ಣವಾಗುವುದಿಲ್ಲ ಎಂದು ಅವರು ತಿಳಿಯುತ್ತಾರೆ. ಅದು ಅವರ ಗುರುತು, ಮಾರುಕಟ್ಟೆಗೆ ಚೆಂದ ಕಾಣುತ್ತದೆ ಎಂದು ನಾನು ಎತ್ತಿಕೊಂಡು ಬರಬಾರದು. ತುದಿಯಿಂದ ನಡುವಿಗೆ ಬರುವ ಕ್ರಮವನ್ನು ಮಾತ್ರ ತೆಗೆದುಕೊಂಡೆ, ಎಲ್ಲಿಂದ ಬಂತು ಎಂದು ಕೇಳಿದವರಿಗೆಲ್ಲ ಹೇಳುತ್ತೇನೆ.

ಈ ಕ್ರಮ ಎಷ್ಟು ಕೈಹಿಡಿಯಿತು ಎಂಬುದಕ್ಕೆ ಹೋದ ಜುಲೈ ತಿಂಗಳ ಒಂದು ಗುರುವಾರ ಸಾಕು.

ಹುಬ್ಬಳ್ಳಿಯ ಒಬ್ಬರು ಅಮೆರಿಕದಲ್ಲಿ ಹುಟ್ಟಿದ ಮೊಮ್ಮಗನಿಗೆ ಕೌದಿ ಹೇಳಿದ್ದರು. ತೀರಿಹೋದ ಅವರ ತಾಯಿಯ ಇಳಕಲ್ ಸೀರೆ, ಗುಳೇದಗುಡ್ಡದ ಖಣದ ಕುಪ್ಪಸಗಳು, ತಂದೆಯ ಧೋತರ ಎಲ್ಲ ಕೊಟ್ಟಿದ್ದರು. ಭಾನುವಾರ ಅವರ ವಿಮಾನ, ಶುಕ್ರವಾರ ಸಂಜೆ ಕೌದಿ ಅವರ ಕೈಯಲ್ಲಿರಬೇಕು. ಕೌದಿಯ ನಡುವಿಗೆ ತಾಯಿಯ ಮದುವೆ ಸೀರೆಯ ಸೆರಗೇ ಬರಬೇಕು ಎಂಬುದು ಅವರ ಆಸೆ. ಆದರೆ ಆ ಸೆರಗು ಟ್ರಂಕಿನ ತಳದಿಂದ ಹೊರಬಂದು ನಮ್ಮ ಮನೆ ಮುಟ್ಟಿದ್ದು ಆ ಗುರುವಾರ ಬೆಳಗ್ಗೆ. ನಾವು ಅಂಚಿನಿಂದ ಹೊಲಿಯುತ್ತ ಬಂದು ನಡುವಿನಲ್ಲಿ ಒಂದು ಗೇಣಿನಷ್ಟು ಜಾಗ ಬಿಟ್ಟು ಕಾಯುತ್ತಿದ್ದೆವು.

ಹೊರಗೆ ಜಿಟಿಜಿಟಿ ಮಳೆ. ಮಗಳಿಗೆ ಮೇಲಿನ ಹಲ್ಲು ಬರುವ ಸಮಯ. ರಾತ್ರಿಯೆಲ್ಲ ಕಿರಿಕಿರಿ, ಬೆಳಗ್ಗೆ ಎದ್ದಾಗ ಕುಪ್ಪಸದ ಎದೆಭಾಗವೆಲ್ಲ ಜೊಲ್ಲಿನಿಂದ ಒದ್ದೆ. ನನ್ನವರು ಬ್ಯಾಂಕಿಗೆ ಹೊರಡುವವರೆಗೆ ಎತ್ತಿಕೊಂಡು ತಿರುಗಿದರು, ಆಮೇಲೆ ಅತ್ತೆ ರಾಗಿ ಅಂಬಲಿ ಕುಡಿಸಲು ನೋಡಿ ಸೋತರು. ಕೊನೆಗೆ ಅವಳು ಬಂದು ಕೂತದ್ದು ಹಾಸಿದ ಕೌದಿಯ ಮೇಲೆಯೇ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕೂಸು ಕೌದಿಯನ್ನು ನೋಡುವುದು ಕಣ್ಣಿನಿಂದಲ್ಲ, ಅಂಗೈಯಿಂದ. ಅಂಬೆಗಾಲಿಡುತ್ತ ಬಂದವಳು ನಯವಾದ ಹತ್ತಿಯ ಮೇಲೆ ಸರಸರ ದಾಟುತ್ತಾಳೆ. ಖಣದ ತುಂಡು ಬಂತೆಂದರೆ ನಿಲ್ಲುತ್ತಾಳೆ. ಖಣದಲ್ಲಿ ನೇಯ್ಗೆಯಲ್ಲೇ ಎದ್ದ ಚಿಕ್ಕ ಚಿಕ್ಕ ಬುಟ್ಟಾಗಳಿರುತ್ತವಲ್ಲ, ಅವುಗಳನ್ನು ಉಗುರಿನಿಂದ ಕೆರೆಯುತ್ತಾಳೆ. ಚರ್ ಚರ್ ಎಂದು ಸಪ್ಪಳ ಬರುತ್ತದೆ, ಆ ಸಪ್ಪಳಕ್ಕೆ ತಲೆ ವಾರೆ ಮಾಡಿ ಮತ್ತೆ ಕೆರೆಯುತ್ತಾಳೆ. ಎರಡು ತುಂಡು ಕೂಡುವ ದಪ್ಪ ಅಂಚಿನ ಮೇಲೆ ಬೆರಳಾಡಿಸುತ್ತ ಮೂಲೆಯವರೆಗೆ ಹೋಗುತ್ತಾಳೆ. ಇದನ್ನು ಕಂಡ ಮೇಲೆ ಕೂಸುಗಳ ಕೌದಿಯಲ್ಲಿ ಖಣದ ತುಂಡುಗಳನ್ನು ನಾನು ನೋಟಕ್ಕೆಂದು ನಡುವಿಗೆ ಹಾಕುವುದನ್ನು ಬಿಟ್ಟೆ. ಅಂಚಿನಿಂದ ಒಂದೆರಡು ಗೇಣು ಒಳಗೆ, ತೆವಳುವ ಕೂಸಿನ ಕೈ ಮೊದಲು ಊರುವಲ್ಲಿ ಇಡುತ್ತೇನೆ. ಕನ್ನಡಿ, ಗುಂಡಿ, ಟಿಕಲಿ ಯಾವುದೂ ಇಲ್ಲ. ಯಾರು ಎಷ್ಟೇ ಕೇಳಿದರೂ ಇಲ್ಲ.

ಸೆರಗನ್ನು ಬಿಡಿಸಿ ನೋಡಿದೆವು. ಕಡುಗೆಂಪು ರೇಷ್ಮೆ, ಅದರ ಮೇಲೆ ಇಳಕಲ್ ಸೆರಗಿನ ಗುರುತಾದ ಬಿಳಿಯ ಟೋಪ ತೆನಿ ವಿನ್ಯಾಸ. ಅಷ್ಟು ವರ್ಷವಾದರೂ ಬಣ್ಣ ಮಂಕಾಗಿರಲಿಲ್ಲ. ದೊಡ್ಡವ್ವ ಕೈಯಲ್ಲಿ ಸವರಿ, "ಎಂಥಾ ನೇಗಿ ನೋಡ ತಂಗಿ, ಈಗ ಇಂಥಾದ್ದು ಎಲ್ಲಿ ಬರತೈತಿ" ಅಂದರು. ಬಣ್ಣ ಬಿಡುತ್ತದೋ ಇಲ್ಲವೋ ನೋಡದೆ ನಾನು ಯಾವ ತುಂಡನ್ನೂ ಕೂಸಿನ ಕೌದಿಗೆ ಹಾಕುವುದಿಲ್ಲ. ಬಿಳಿ ಧೋತರದ ಚೂರನ್ನು ನೀರಿನಲ್ಲಿ ಅದ್ದಿ ಹಿಂಡಿ, ಸೆರಗಿನ ಮೂಲೆಯ ಮೇಲೆ ಹಾಸಿ, ಅದರ ಮೇಲೆ ಭಾರಕ್ಕೆ ಒಳಕಲ್ಲಿನ ಗುಂಡು ಇಟ್ಟೆ. ಅರ್ಧ ತಾಸು. ತೆಗೆದರೆ ಧೋತರದ ಚೂರು ಗುಲಾಬಿಯಾಗಿತ್ತು. ಮೂಲೆಯನ್ನು ಉಪ್ಪುನೀರಿನಲ್ಲಿ ನೆನೆಸಿ, ಜಾಲಿಸಿ, ಮತ್ತೆ ಇಟ್ಟು ನೋಡಿದೆ. ಮತ್ತೆ ಗುಲಾಬಿ. ಹಲ್ಲು ಬರುವ ಕೂಸು ಕೌದಿಯ ಯಾವ ಭಾಗವನ್ನು ಬಾಯಿಗೆ ಹಾಕಿಕೊಳ್ಳುತ್ತದೆ ಎಂದು ನನ್ನ ಎದುರಿಗೇ ಕೂತಿದ್ದವಳು ತೋರಿಸುತ್ತಿದ್ದಳು. ಸೆರಗು ಕೌದಿಗೆ ಬರುವಂತಿರಲಿಲ್ಲ.

ನಡುವಿನಿಂದ ಹೊಲಿಯುತ್ತ ಹೊರಗೆ ಬರುವ ಪದ್ಧತಿಯಾಗಿದ್ದರೆ, ಸೆರಗು ಬರುವವರೆಗೆ ಸೂಜಿಗೆ ದಾರ ಪೋಣಿಸುವಂತೆಯೂ ಇರಲಿಲ್ಲ. ಈಗ ಬಾಕಿ ಇದ್ದದ್ದು ಒಂದು ಗೇಣು. ಮಗಳಿಗೆ ಹಾಲು ಕುಡಿಸುತ್ತ, ಇನ್ನೊಂದು ಕೈಯಲ್ಲಿ ತುಂಡುಗಳ ಬುಟ್ಟಿ ಎಳೆದುಕೊಂಡು ಒಂದೊಂದಾಗಿ ಇಟ್ಟು ನೋಡಿದೆ. ಇಳಕಲ್ ಒಡಲಿನ ನೀಲಿ ಚೌಕಳಿ ಇಟ್ಟೆ, ಸುತ್ತಲಿನದರಲ್ಲಿ ಕರಗಿಹೋಯಿತು. ಹಸಿರು ಖಣ ಇಟ್ಟೆ, ಒರಟಾಯಿತು. ದೊಡ್ಡವ್ವ ಏನೂ ಹೇಳದೆ ಹುಬ್ಬಳ್ಳಿಯವರ ತಂದೆಯ ಧೋತರದ ಒಂದು ತುಂಡನ್ನು ಮಡಚಿ ಆ ಜಾಗದಲ್ಲಿಟ್ಟರು. ಬರೀ ಬಿಳಿ. ಸುತ್ತಲಿನ ಬಣ್ಣಗಳೆಲ್ಲ ಒಮ್ಮೆಗೇ ಎದ್ದು ನಿಂತವು. ಅದರ ನಾಲ್ಕು ಮೂಲೆಗೆ ಬೆರಳಗಲದ ಹಸಿರು ಖಣ ಸೇರಿಸಿದೆವು. ಕೂಸುಗಳ ಕಣ್ಣಿಗೆ ಮೊದಲು ತಿಳಿಯುವುದು ಹೀಗೆ ಎದುರುಬದುರಾದ ದಟ್ಟ ಬಣ್ಣ ಮತ್ತು ಬಿಳುಪು. ಇದು ನನಗೆ ಪುಸ್ತಕದಿಂದ ಗೊತ್ತಿತ್ತು, ದೊಡ್ಡವ್ವನಿಗೆ ಹೇಗೆ ಗೊತ್ತಿತ್ತೋ.

ಹುಬ್ಬಳ್ಳಿಗೆ ಫೋನ್ ಮಾಡಿದೆ. ಆ ತಾಯಿಗೆ ಬೇಸರವಾಯಿತು. "ನಮ್ಮವ್ವನ ಸೆರಗು ಬರ್ಲಿಲ್ಲಂದ್ರ ಹೆಂಗವಾ?" ಅಂದರು. ಸೆರಗಿನಿಂದ ಕೌದಿ ಇಡುವ ಚೀಲ ಹೊಲಿದು ಕೊಡುತ್ತೇನೆ, ಮೊಮ್ಮಗ ದೊಡ್ಡವನಾದ ಮೇಲೂ ಅದು ಉಳಿಯುತ್ತದೆ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಆತು, ಹಂಗ ಮಾಡ್ರಿ" ಅಂದರು.

ಮಧ್ಯಾಹ್ನ ಮಗಳು ಮಲಗಿದ್ದು ಮುಕ್ಕಾಲು ತಾಸು. ಎದ್ದಾಗ ಮೈ ಸ್ವಲ್ಪ ಬೆಚ್ಚಗಿತ್ತು. ಅತ್ತೆ ಒದ್ದೆ ಬಟ್ಟೆಯನ್ನು ಗಂಟು ಕಟ್ಟಿ ಕಡಿಯಲು ಕೊಟ್ಟರು, ಅದರಿಂದ ಸಮಾಧಾನವಾಯಿತು. ನಾನು ಅವಳನ್ನು ಸೊಂಟದ ಮೇಲೆ ಕೂಡಿಸಿಕೊಂಡೇ ಚೀಲದ ಅಳತೆ ಹಾಕಿದೆ, ಕತ್ತರಿಸುವಾಗ ಅತ್ತೆಯ ಕೈಗೆ ಕೊಟ್ಟೆ. ಇನ್ನಿಬ್ಬರು ಹೆಣ್ಣುಮಕ್ಕಳು ಅಂಚನ್ನು ಎರಡನೇ ಸುತ್ತು ಬಿಗಿ ಮಾಡುತ್ತಿದ್ದರು. ಅವರಲ್ಲಿ ಕಿರಿಯವಳು ಬಸುರಿ, ಆಗ ಏಳು ತಿಂಗಳು ತುಂಬಿತ್ತು.

ಅವಳನ್ನು ನೋಡಿದಾಗೆಲ್ಲ ನನಗೆ ಒಂದು ಮಾತು ಕಾಡುತ್ತದೆ. ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ಬಂದ ತಿದ್ದುಪಡಿಯಿಂದ ಹೆರಿಗೆಗೆ 26 ವಾರ ಸಂಬಳದ ರಜೆ ಸಿಗುತ್ತದೆ, ಆದರೆ ಅದು ಹತ್ತು ಅಥವಾ ಹೆಚ್ಚು ಜನ ಕೆಲಸಕ್ಕಿರುವ ಕಡೆ. ಕೌದಿಗೆ ಇಷ್ಟು ಎಂದು ದುಡಿಯುವವಳಿಗೆ ಸೂಜಿ ಕೆಳಗಿಟ್ಟ ದಿನವೇ ಆದಾಯ ನಿಂತಿತು. ನನಗೂ ರಜೆ ಇರಲಿಲ್ಲ, ಆದರೆ ನನಗೆ ಮನೆಯವರ ಸಂಬಳವಿತ್ತು, ತವರಿತ್ತು. ಹಾಗಾಗಿ ಈಗ ಪ್ರತಿ ಕೌದಿಯ ಬೆಲೆಯಲ್ಲಿ ಒಂದು ಪಾಲನ್ನು ಹೆರಿಗೆಯ ತಿಂಗಳುಗಳಿಗೆಂದು ಬೇರೆ ತೆಗೆದಿಡುತ್ತೇವೆ. ಚಿಕ್ಕ ಮೊತ್ತ. ಗಿರಾಕಿ ಚೌಕಾಶಿ ಮಾಡಿದಾಗ ನಾನು ಬಿಟ್ಟುಕೊಡದ ಮೊತ್ತವೂ ಅದೇ.

ಶುಕ್ರವಾರ ಸಂಜೆ ಹುಬ್ಬಳ್ಳಿಯ ತಾಯಿ ಬಂದರು. ಕೌದಿಯನ್ನು ಹಾಸಿ ಕೂತರು, ನಡುವಿನ ಬಿಳಿಯ ಮೇಲೆ ಕೈಯಿಟ್ಟು, "ನಮ್ಮಪ್ಪಂದು" ಅಂದರು. ಆಮೇಲೆ ನಾನು ಕೂಸಿನ ಕೌದಿ ಒಯ್ಯುವ ಎಲ್ಲರಿಗೂ ಹೇಳುವ ಮಾತು ಹೇಳಿದೆ: ವರ್ಷ ತುಂಬುವವರೆಗೆ ಇದನ್ನು ಮಲಗಿದ ಕೂಸಿಗೆ ಹೊದಿಸಬೇಡಿ, ಹಾಸಿಗೆಯಲ್ಲಿ ಇಡಲೂಬೇಡಿ. ಎಚ್ಚರವಿದ್ದಾಗ ನೆಲಕ್ಕೆ ಹಾಸಿ, ಪಕ್ಕದಲ್ಲಿ ನೀವು ಕೂತು ಆಡಿಸಿ. ಸಡಿಲ ಹೊದಿಕೆ ಮೂಗು ಬಾಯಿಗೆ ಅಡ್ಡ ಬಂದರೆ ಸರಿಸಿಕೊಳ್ಳುವ ಶಕ್ತಿ ಎಳೆಗೂಸಿಗೆ ಇರುವುದಿಲ್ಲ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಇದನ್ನು ವರ್ಷಗಳಿಂದ ಹೇಳುತ್ತ ಬಂದಿದೆ, ನಿಮ್ಮ ಮಗಳಿಗೂ ಆಸ್ಪತ್ರೆಯಲ್ಲಿ ಹೇಳಿರುತ್ತಾರೆ.

"ನಾವೆಲ್ಲಾ ಮಕ್ಕಳನ್ನ ಕೌದ್ಯಾಗ ಸುತ್ತೇ ಬೆಳಸೀವಿ, ಏನಾಗೇದ?" ಅಂದರು. ಎದುರು ವಾದಿಸಲಿಲ್ಲ. ಮಗಳನ್ನು ಕೌದಿಯ ಮೇಲೆ ಬಿಟ್ಟೆ. ಅವಳು ಎರಡು ಹೆಜ್ಜೆ ತೆವಳಿ ಖಣಕ್ಕೆ ಕೈಯೂರಿ ಕೆರೆಯತೊಡಗಿದಳು. ಅವರು ತಾವೂ ಬಗ್ಗಿ ಉಗುರಿನಿಂದ ಕೆರೆದು ನೋಡಿದರು. "ಹಂಗಾರ ನೆಲಕ್ಕ ಹಾಸೂದು. ಆದ್ರ ಅಲ್ಲಿ ನೆಲದ ಮ್ಯಾಲ ಕೂಡವ್ರು ಯಾರದಾರ? ನಾನ ಕೂತು ಆಡಸ್ತೀನಿ ತಗೊ" ಅಂದರು.

ವಿಮಾನದ ಪೆಟ್ಟಿಗೆಗೆ 23 ಕಿಲೋ ಮಿತಿ. ಚಟ್ನಿಪುಡಿ, ಶೇಂಗಾ ಹೋಳಿಗೆ ಆಗಲೇ ತುಂಬಿಯಾಗಿತ್ತಂತೆ. ಇದಕ್ಕಾಗಿಯೇ ಒಳಪದರ ಕಡಿಮೆ ಹಾಕಿ ಹೊಲಿಗೆ ಒತ್ತು ಮಾಡಿದ್ದೆವು. ಕೈಚೀಲದಲ್ಲೇ ಒಯ್ಯುತ್ತೇನೆ ಎಂದು ಸೆರಗಿನ ಚೀಲಕ್ಕೆ ಹಾಕಿ ಹೆಗಲಿಗೇರಿಸಿಕೊಂಡರು. ದುಡ್ಡು ಎಣಿಸಿ ಕೊಡುವಾಗ ಕಡಿಮೆ ಮಾಡು ಎಂದು ಕೇಳಲಿಲ್ಲ.

ಮುಂದಿನ ವಾರ ಮಗಳು ಗೋಡೆ ಹಿಡಿದು ನಿಲ್ಲಲು ಶುರು ಮಾಡಿದಳು. ಸೂಜಿ ಡಬ್ಬಿಯನ್ನು ಕೆಳಗಿನ ಗೂಡಿನಿಂದ ಗೋಡೆಗೂಡಿನ ಮೇಲಿನ ಸಾಲಿಗೆ ಏರಿಸಿದ್ದೇವೆ. ದೊಡ್ಡವರ ಮಂಚದ ಕೌದಿಯೊಂದಕ್ಕೆ ಬಟ್ಟೆ ಒಗೆದಿಟ್ಟಿದೆ, ಬಿಸಿಲು ಬಿದ್ದ ಕೂಡಲೇ ಮೊದಲ ಮೂಲೆ ಹಾಕಬೇಕು.