ರೈಟರ್ ತೂಕ ಮತ್ತು ಹುತ್ತರಿ ತಂಬಿಟ್ಟು

ನಾನು ಮಡಿಕೇರಿ ಕಡೆಯ ಒಂದು ಕಾಫಿ ತೋಟದಲ್ಲಿ ರೈಟರ್. ರೈಟರ್ ಅಂದ ಕೂಡಲೇ ಕಥೆ, ಕವನ ಅಂದುಕೊಳ್ಳಬೇಡಿ. ಚೆಕ್‌ರೋಲ್, ಅಂದರೆ ಆಳುಗಳ ಹಾಜರಿ ಪುಸ್ತಕ ಬರೆಯೋದು, ಹಣ್ಣಿನ ತೂಕ ಬರೆಯೋದು, ವಾರಕ್ಕೊಮ್ಮೆ ಬಟವಾಡೆ ಮಾಡೋದು, ಇಷ್ಟೇ ನನ್ನ ಬರವಣಿಗೆ. ಇಪ್ಪತ್ತೆರಡು ವರ್ಷದಿಂದ ಬೇರೆಯವರು ಕುಯ್ದ ಹಣ್ಣು ತೂಗಿದ್ದೇನೆ. ನನ್ನನ್ನೇ ತೂಗಿಕೊಂಡಿದ್ದು ಮಾತ್ರ ಹೋದ ಜುಲೈಯಲ್ಲಿ, ಅದೇ ಗೋಡೌನಿನ ಮಿಷನ್ ಮೇಲೆ. 88.6 ಕೆಜಿ. ಒಂದೂಮುಕ್ಕಾಲು ಮೂಟೆ ಕಾಫಿ!

ಎರಡು ದಿನ ಮೊದಲು ರಕ್ತ ಪರೀಕ್ಷೆ ಆಗಿತ್ತು. ಎಚ್‌ಬಿಎ1ಸಿ, ಅಂದರೆ ರಕ್ತದ ಸಕ್ಕರೆಯ ಮೂರು ತಿಂಗಳ ಸರಾಸರಿ ಲೆಕ್ಕ, 6.1 ಬಂದಿತ್ತು. 5.7ರಿಂದ 6.4ರವರೆಗೆ ಗಡಿ, 6.5 ಆದರೆ ಸಕ್ಕರೆ ಕಾಯಿಲೆ ಅಂತ ಲೆಕ್ಕ. 'ಇನ್ನೂ ಗೇಟಿನ ಹೊರಗೇ ಇದ್ದೀರಿ, ಒಂದು ಆರು ಕೆಜಿ ಇಳಿಸಿ' ಅಂದರು ಡಾಕ್ಟರು. ನಾನು 82 ಅಂತ ಡೈರಿಯಲ್ಲಿ ಬರೆದುಕೊಂಡೆ.

ಬೆಂಗಳೂರಿನಲ್ಲಿರುವ ಅಕ್ಕನ ಮಗಳು ಫೋನಿಗೆ ಒಂದು ಚಾರ್ಟ್ ಕಳಿಸಿದಳು. ಓಟ್ಸ್, ಅವಕಾಡೊ, ರಾತ್ರಿ ಏಳರ ಮೇಲೆ ಊಟ ಬೇಡ. ಅವಕಾಡೊ ಅಂದರೆ ನಮ್ಮ ಬೆಣ್ಣೆ ಹಣ್ಣು. ತೋಟದಲ್ಲಿ ಉದುರಿ ಬಿದ್ದದ್ದನ್ನು ನಮ್ಮಲ್ಲಿ ಕಾಡುಹಂದಿ ತಿನ್ನುತ್ತವೆ. ಅವಕ್ಕೂ ತೂಕವೇನು ಇಳಿದ ಹಾಗೆ ಕಾಣಲಿಲ್ಲ.

ಚಾರ್ಟು ಹದಿನೈದು ದಿನ ನಡೆಯಿತು. ಅಷ್ಟರಲ್ಲಿ ಆಗಸ್ಟ್ 3 ಬಂತು, ನಮ್ಮ ಕಕ್ಕಡ ತಿಂಗಳ ಹದಿನೆಂಟನೇ ದಿನ. ನಮ್ಮ ಕಡೆ ಅವತ್ತು ಮದ್ದು ಸೊಪ್ಪಿನ ಪಾಯಸ ಮಾಡಲೇಬೇಕು. ಸೊಪ್ಪು ಬೇಯಿಸಿದರೆ ನೀರು ಕಡು ನೇರಳೆ ಆಗುತ್ತದೆ, ಅದರಲ್ಲೇ ಅಕ್ಕಿ ಬೇಯಬೇಕು. ಆ ದಿನ ಸೊಪ್ಪಿನಲ್ಲಿ ಹದಿನೆಂಟು ಬಗೆಯ ಔಷಧಿ ಸೇರಿರುತ್ತದೆ ಅಂತ ಹಿರಿಯರ ಮಾತು. ಹೇಗೂ ಮದ್ದು ತಾನೆ ಅಂತ ಎರಡು ಬಟ್ಟಲು ಹೊಡೆದೆ. ಮರುದಿನ ಮೂತ್ರ ಕೆಂಪಾಯಿತು, ಅದು ಎಲ್ಲರಿಗೂ ಆಗುವುದೇ. ತೂಕವೂ ಏರಿತು. ಮದ್ದು ಇರೋದು ಸೊಪ್ಪಲ್ಲಿ, ಬೆಲ್ಲದಲ್ಲಿ ಅಲ್ವಲ್ಲ!

ಅವತ್ತು ಸಂಜೆ ಚೆಕ್‌ರೋಲ್ ಬರೆಯುವ ಹಾಗೆ ನನ್ನ ಬಾಯಿಯ ಲೆಕ್ಕ ಬರೆಯೋಣ ಅಂತ ಕುಳಿತೆ. ಹಬ್ಬವನ್ನು ಹಿಡಿಯೋಣ ಅಂತಲೇ ಶುರು ಮಾಡಿದ್ದು. ಸಿಕ್ಕಿಬಿದ್ದದ್ದು ಕಾಫಿ. ಎದ್ದ ಕೂಡಲೇ ಒಂದು, ಮಸ್ಟರಿಗೆ (ಬೆಳಗಿನ ಹಾಜರಿಗೆ) ಮೊದಲು ಒಂದು, ಹತ್ತಕ್ಕೆ, ಊಟ ಆದ ಮೇಲೆ, ನಾಲ್ಕಕ್ಕೆ, ಮನೆಗೆ ಬಂದು ಇನ್ನೊಂದು. ಆರು ಗ್ಲಾಸ್, ಒಂದೊಂದಕ್ಕೆ ಎರಡು ಚಮಚ ಸಕ್ಕರೆ. ಚಮಚಕ್ಕೆ ಐದು ಗ್ರಾಂ ಅಂದರೂ ದಿನಕ್ಕೆ 60 ಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ ಸುಮಾರು 25 ಗ್ರಾಂ ಒಳಗೆ ಇದ್ದರೆ ಒಳ್ಳೆಯದು ಅನ್ನುತ್ತದೆ. 60 ಗ್ರಾಂ ಅಂದರೆ 240 ಕ್ಯಾಲೊರಿ, ತಿಂಗಳಿಗೆ 7,200. ಒಂದು ಕೆಜಿ ಕೊಬ್ಬಿನಲ್ಲಿ ಇರುವುದು ಸುಮಾರು 7,700. ಪಾಯಸವನ್ನು ಬೈದುಕೊಂಡು ಇಷ್ಟು ವರ್ಷ ಕಾಫಿ ಕುಡಿದೆನಲ್ಲ.

ಬೆಲ್ಲ ಹಾಕಿದರೆ ಪರವಾಗಿಲ್ಲ ಅನ್ನುವವರು ನಮ್ಮಲ್ಲಿ ತುಂಬಾ ಜನ. ಬೆಲ್ಲದ ಕಾಫಿ ನನಗೂ ಇಷ್ಟ. ಆದರೆ ಗ್ರಾಮಿಗೆ ನಾಲ್ಕು ಕ್ಯಾಲೊರಿ ಅದರಲ್ಲೂ ಹೆಚ್ಚುಕಡಿಮೆ ಇದ್ದೇ ಇದೆ. ಜೇನು ಸ್ವಲ್ಪ ಕಡಿಮೆ, ಜಾಸ್ತಿ ವ್ಯತ್ಯಾಸ ಏನಿಲ್ಲ. ಸಕ್ಕರೆ ಬಿಟ್ಟೆ. ಮೊದಲ ಹತ್ತು ದಿನ ಕಷಾಯ ಕುಡಿದ ಹಾಗೆ ಇತ್ತು. ಆಮೇಲೆ ನಮ್ಮ ತೋಟದ ಕಾಫಿಯ ರುಚಿ ಏನು ಅಂತ ಮೊದಲ ಸಲ ಗೊತ್ತಾಯಿತು. ಅಷ್ಟೇನೂ ಚೆನ್ನಾಗಿಲ್ಲ, ಯಜಮಾನರಿಗೆ ಹೇಳಿಲ್ಲ.

ಹೊಸ ಕದಿರು ತರುವ ನಮ್ಮ ಸುಗ್ಗಿ ಹಬ್ಬ ಹುತ್ತರಿ ಹೊತ್ತಿಗೆ 83.2ಕ್ಕೆ ಬಂದಿದ್ದೆ. ಹುತ್ತರಿಯ ದಿನ, ಗಳಿಗೆ ಎಲ್ಲ ಕಕ್ಕಬ್ಬೆಯ ಪಾಡಿ ಇಗ್ಗುತ್ತಪ್ಪ ದೇವಸ್ಥಾನದಲ್ಲಿ ನಿಗದಿಯಾಗುತ್ತದೆ. ನೆರೆ, ಅಂದರೆ ಎಲೆಗಳ ಕಂತೆ, ಕಟ್ಟಲು ಒಂದು ಹೊತ್ತು, ಕದಿರು ತೆಗೆಯಲು ಒಂದು ಹೊತ್ತು, ಊಟಕ್ಕೂ ಒಂದು ಹೊತ್ತು. ಊಟ ಯಾವಾಗಲೂ ರಾತ್ರಿ ಹತ್ತರ ಆಚೀಚೆ. ಅಕ್ಕನ ಮಗಳ ಏಳು ಗಂಟೆ ಇಗ್ಗುತ್ತಪ್ಪನ ಮುಂದೆ ನಡೆಯುತ್ತದಾ?

ಐನ್‌ಮನೆಗೆ, ಅಂದರೆ ನಮ್ಮ ಕುಟುಂಬದ ಮೂಲ ಮನೆಗೆ, ಹೋದಾಗ ಅವ್ವ ಒಲೆ ಮುಂದೆ ಇದ್ದಳು. ಎಪ್ಪತ್ತನಾಲ್ಕು ವರ್ಷ, ತಂಬಿಟ್ಟು ಮಾತ್ರ ಇನ್ನೊಬ್ಬರ ಕೈಗೆ ಕೊಡುವುದಿಲ್ಲ. ಕುಸುಬಲಕ್ಕಿಯನ್ನು ಕೆಂಪಗೆ ಹುರಿದು, ನಾಲ್ಕು ಕಾಳು ಮೆಂತ್ಯ, ಏಲಕ್ಕಿ ಸೇರಿಸಿ ಪುಡಿ ಮಾಡಿಸಿಟ್ಟಿರುತ್ತಾಳೆ. ಸಿಪ್ಪೆ ಕಪ್ಪಾಗಲು ಶುರುವಾದ ಬಾಳೆಹಣ್ಣೇ ಆಗಬೇಕು. ಅಗಲದ ಪಾತ್ರೆಯಲ್ಲಿ ಹಣ್ಣು ಕಿವುಚಿ ಗಂಟಿಲ್ಲದ ಹಾಗೆ ಮಾಡಿ, ಪುಡಿಯನ್ನು ಸ್ವಲ್ಪ ಸ್ವಲ್ಪವೇ ಉದುರಿಸುತ್ತಾಳೆ. ಅಂಗೈಯ ಬುಡದಲ್ಲಿ ಒತ್ತಿ ಒತ್ತಿ ಕಲೆಸುತ್ತಾಳೆ. ಹಿಟ್ಟು ಬೆರಳು ಬಿಟ್ಟಿತು ಅಂದರೆ ಸಾಕು, ಇನ್ನೊಂದು ಚಿಟಿಕೆ ಬಿದ್ದರೂ ಬಾಯಲ್ಲಿ ಮರಳು. ನಡುವೆ ಗುಳಿ ಮಾಡಿ ತುಪ್ಪ, ಮೇಲೆ ಕಾಯಿತುರಿ, ಹುರಿದ ಎಳ್ಳು. ಹುರಿದ ಅಕ್ಕಿಯ ವಾಸನೆ ಅಂಗಳಕ್ಕೇ ಬರುತ್ತದೆ.

ನನ್ನ ಲೆಕ್ಕದಲ್ಲಿ ಒಂದು ಮುಷ್ಟಿಗೆ ತುಪ್ಪ, ಕಾಯಿ ಎಲ್ಲ ಸೇರಿ 350 ಕ್ಯಾಲೊರಿ. ಒಂದು ಮುಷ್ಟಿ, ಕುಳಿತು ತಿನ್ನೋದು ಅಂತ ಮನಸ್ಸಲ್ಲೇ ಬರೆದಿಟ್ಟುಕೊಂಡಿದ್ದೆ. 'ಪೊಲಿ ಪೊಲಿ ದೇವಾ' ಅಂತ ಕೂಗುತ್ತಾ ಗದ್ದೆಯಿಂದ ಕದಿರು ತಂದು ಒಳಗೆ ಬಂದಾಗ ಹೊಟ್ಟೆ ಚುರುಗುಟ್ಟುತ್ತಿತ್ತು. ಅತ್ತಿಗೆ ಎಲೆಗೆ ಎರಡು ಮುಷ್ಟಿ ಹಾಕಿದರು.

'ಒಂದು ಸಾಕು ಅತ್ತಿಗೆ.'

'ಅದು ಒಂದೇ. ನಿಮ್ಮ ಅಣ್ಣನ ಕೈ ಅಳತೆ.'

ಎರಡನ್ನೂ ತಿಂದೆ. ಆಮೇಲೆ ಹೊಸ ಅಕ್ಕಿ ಪಾಯಸ, ಬೇಯಿಸಿದ ಹುತ್ತರಿ ಗೆಣಸು, ಜೇನು. ಮರುದಿನ ಹಂದಿ ಸಾರು, ಅಕ್ಕಿ ರೊಟ್ಟಿ.

ಮೂರನೇ ದಿನ ಗೋಡೌನಿನ ಮಿಷನ್ 84.6 ತೋರಿಸಿತು. 1.4 ಕೆಜಿ ಜಾಸ್ತಿ! ಎದೆ ಝಲ್ ಅಂದಿತು. ಆದರೆ ರೈಟರ್ ಅಲ್ವಾ, ಪೆನ್ನು ತೆಗೆದೆ. ಅಷ್ಟು ಕೊಬ್ಬು ಬೆಳೆಯಬೇಕಾದರೆ ಮಾಮೂಲಿ ಊಟದ ಮೇಲೆ ಹೆಚ್ಚುಕಡಿಮೆ ಹನ್ನೊಂದು ಸಾವಿರ ಕ್ಯಾಲೊರಿ ಬೇಕು. ಅಂದರೆ ಮೂವತ್ತು ಮುಷ್ಟಿ ತಂಬಿಟ್ಟು. ಅಷ್ಟು ತಿಂದಿದ್ದರೆ ಅತ್ತಿಗೆ ಸುಮ್ನೆ ಬಿಡುತ್ತಿರಲಿಲ್ಲ. ಏರಿದ್ದರಲ್ಲಿ ಬಹುಪಾಲು ನೀರು. ಅನ್ನ, ಹಿಟ್ಟಿನ ಅಂಶವನ್ನು ಮೈ ಕೂಡಿಡುವಾಗ ಅದರ ಮೂರು ಪಟ್ಟು ನೀರನ್ನೂ ಜೊತೆಗೆ ಹಿಡಿದುಕೊಳ್ಳುತ್ತದೆ, ಸಾರಿನ ಉಪ್ಪು ಇನ್ನಷ್ಟು ಹಿಡಿಯುತ್ತದೆ. ಉಪವಾಸ ಗಿಪವಾಸ ಏನೂ ಮಾಡದೆ ಮಾಮೂಲಿ ಊಟಕ್ಕೆ ಮರಳಿದೆ. ಐದನೇ ದಿನ 83.5.

ಇನ್ನೂ ಕಮ್ಮಿ ಆಗುತ್ತಿತ್ತು. ಆದರೆ ಅವ್ವ ಒಂದು ಡಬ್ಬಿ ತಂಬಿಟ್ಟು ಪುಡಿ ಕಟ್ಟಿ ಕೊಟ್ಟಿದ್ದಳು. ನಾಲ್ಕನೇ ದಿನ ಸಂಜೆ, ಮನೆಯಲ್ಲಿ ಯಾರೂ ಇಲ್ಲದಾಗ, ಅಡುಗೆ ಮನೆಯಲ್ಲಿ ನಿಂತುಕೊಂಡೇ ನಾಲ್ಕು ಚಮಚ ಪುಡಿಗೆ ಸಕ್ಕರೆ ಸುರಿದು ತಿಂದೆ. ಬಾಳೆಹಣ್ಣೂ ಇಲ್ಲ, ತುಪ್ಪವೂ ಇಲ್ಲ, ಗಂಟಲಿಗೆ ಅಂಟಿಕೊಂಡಿತು. ಇಡೀ ಹಬ್ಬದಲ್ಲಿ ನನಗೆ ಬೇಜಾರಾದ ತಿನಿಸು ಅದೊಂದೇ. ಡೈರಿಯಲ್ಲಿ 'ಇತರೆ' ಅಂತ ಬರೆದೆ.

ಈಗ ರೊಬಸ್ಟಾ ಕುಯ್ಲು ನಡೆಯುತ್ತಿದೆ. ನಿನ್ನೆ 82.4. ಸಂಜೆ ಹಣ್ಣಿನ ಚೀಲ ತೂಗುವ ಮೊದಲು ನಾನು ಒಮ್ಮೆ ಹತ್ತಿ ಇಳಿಯುವುದು ಈಗ ಎಲ್ಲರಿಗೂ ಅಭ್ಯಾಸ. ಚೀಲ ಹೊತ್ತು ಸಾಲಿನಲ್ಲಿ ನಿಂತ ಹೆಂಗಸರೇ ಅಂಕಿ ಓದಿ ಕೂಗಿ ಹೇಳುತ್ತಾರೆ. ನಿನ್ನೆ ಒಬ್ಬಾಕೆ ನಕ್ಕಳು: 'ರೈಟ್ರೇ, ನಮ್ಮ ಚೀಲಕ್ಕೆ ಮಾತ್ರ ಒಂದು ಕೆಜಿ ಕಳೀತೀರಿ. ನಿಮ್ಮ ಬಟ್ಟೆ, ಬೂಟು ಕಳೆಯಲ್ವಾ?'

ಬೂಟು ಬಿಚ್ಚಿ ಮತ್ತೆ ಹತ್ತಿದೆ.