ಮೇಲ್ಗಡೆ ಇವನ ಹೆಸರು ಇದ್ದಿದ್ರೆ?

"ಆಂಟಿ, ಮೇಲ್ಗಡೆ ಇವನ ಹೆಸರು ಬರ್ದಿದ್ರೆ ನಂಗೂ ಎ ಬರ್ತಿತ್ತಾ?"

ಮಂಗಳವಾರ ಸಾಯಂಕಾಲದಿಂದ ಈ ಮಾತು ತಲೆಯಿಂದ ಹೋಗ್ತಾನೇ ಇಲ್ಲ. ಕೇಳಿದ್ದು ಮಗನ ಲ್ಯಾಬ್ ಪಾರ್ಟ್ನರ್, ಆಫ್ರಿಕನ್ ಅಮೆರಿಕನ್ ಹುಡುಗ, ಏಳನೇ ಕ್ಲಾಸು. ಇಬ್ರೂ ನಮ್ಮನೆ ಟೇಬಲ್ ಮೇಲೇ ಕೂತು ರಿಪೋರ್ಟ್ ಬರ್ದಿದ್ದು, ಅದೇ ರೀಡಿಂಗು, ಅದೇ ಗ್ರಾಫು, ಚಿತ್ರಾನ್ನ ಬಡಿಸ್ತಾ ನಾನೇ ನೋಡಿದೀನಿ, ನಮ್ಮವನು ಲೆಕ್ಕ ತಪ್ಪಿದಾಗ ಸರಿ ಮಾಡ್ಸಿದ್ದು ಅವನು. ನಮ್ಮವನಿಗೆ ಎ, ಅವನಿಗೆ ಸಿ, ಪಕ್ಕದಲ್ಲಿ "ಇದು ನೀನೇ ಮಾಡಿದ್ದಾ?" ಅಂತ ಕೆಂಪಲ್ಲಿ. ನಮ್ಮವನಿಗೆ ಆ ಪ್ರಶ್ನೆ ಯಾರೂ ಕೇಳಿಲ್ಲ. ಇಂಡಿಯನ್ ಹುಡುಗ ಅಲ್ವಾ, ಸೈನ್ಸ್ ಬರುತ್ತೆ ಅಂದ್ಕೊಂಡಿರ್ತಾರೆ.

ಮೇಡಂ ಒಳ್ಳೆಯವ್ರೇ. ಫೋನಲ್ಲಿ ಕೇಳಿದ್ರೆ "ಒಟ್ಟಾರೆ ನೋಡಿ ಕೊಟ್ಟೆ" ಅಂದ್ರು. ಆ ಒಟ್ಟಾರೆ ಅನ್ನೋದ್ರಲ್ಲೇ ಇರೋದು ಎಲ್ಲ. ಡೇವಿಡ್ ಕ್ವಿನ್ ಅನ್ನೋ ಸಂಶೋಧಕರು 2020ರಲ್ಲಿ ಪ್ರಕಟಿಸಿದ ಸ್ಟಡಿ ಇದೆ, 1,549 ಟೀಚರ್‌ಗಳಿಗೆ ಎರಡನೇ ಕ್ಲಾಸ್ ಮಗುವಿನ ಬರಹ ಕೊಟ್ಟು, ಕೆಲವರಿಗೆ ಅದ್ರಲ್ಲಿ ಬ್ರದರ್ ಹೆಸರು ಡಶಾನ್, ಅಂದ್ರೆ ಕಪ್ಪು ಹುಡುಗ ಅನ್ಸೋ ಹೆಸರು, ಕೆಲವರಿಗೆ ಕಾನರ್, ಬಿಳಿಯರ ಹುಡುಗ ಅನ್ಸೋ ಹೆಸರು, ಬೇರೆ ಎಲ್ಲ ಒಂದೇ. ಕ್ಲಾಸಿನ ಮಟ್ಟಕ್ಕಿದೆಯಾ ಅಂತ ಅಂದಾಜಲ್ಲಿ ಕೇಳ್ದಾಗ ಡಶಾನ್ ಬರಹಕ್ಕೆ ಕಮ್ಮಿ ಬಂತು, ಏನಿದ್ರೆ ಎಷ್ಟು ಕೊಡ್ಬೇಕು ಅಂತ ರೂಬ್ರಿಕ್ ಇಟ್ಟಾಗ ಆ ವ್ಯತ್ಯಾಸ ಕಾಣ್ಲಿಲ್ಲ.

ನಂಗೆ ನನ್ ಮೇಲೇ ಬೇಜಾರು. ಅದೇ 2020ರಲ್ಲಿ ಸ್ಯಾನ್ ಡಿಯಾಗೋ ಸ್ಕೂಲ್ ಡಿಸ್ಟ್ರಿಕ್ಟಲ್ಲಿ, ಗ್ರೇಡಲ್ಲಿ ಇಂಥ ಭೇದ ಕಮ್ಮಿ ಮಾಡೋಕೆ ಅಂತ, ಲೇಟಾಗಿ ಕೊಟ್ಟಿದ್ದಕ್ಕೆ ಗ್ರೇಡ್ ಕಳೀಬಾರ್ದು, ನಡವಳಿಕೆನ ಗ್ರೇಡಿಗೆ ಸೇರಿಸ್ಬಾರ್ದು ಅಂತ ತೀರ್ಮಾನ ಆದಾಗ ನಮ್ಮ ಕನ್ನಡದವರ ವಾಟ್ಸಾಪ್ ಗ್ರೂಪಲ್ಲಿ "ಸ್ಟ್ಯಾಂಡರ್ಡ್ ಇಳಿಸ್ತಿದಾರೆ, ಓದೋ ಮಕ್ಕಳಿಗೆ ಅನ್ಯಾಯ" ಅಂತ ಎಲ್ರೂ ಬೈದ್ರು, ನಾನೂ ಹೌದು ಅಂದಿದ್ದೆ. ಎಸ್ಸೆಸ್ಸೆಲ್ಸಿ ಪೇಪರಲ್ಲಿ ಹೆಸರು ಬರೆಯೋ ಹಾಗಿಲ್ಲ, ಬರೀ ರಿಜಿಸ್ಟರ್ ನಂಬರು ಅನ್ನೋದನ್ನ ನೋಡ್ಕೊಂಡೇ ಬೆಳೆದವರು ನಾವು. ಹೆಸರು ಕಂಡ್ರೆ ಜಾತಿ ಕಾಣುತ್ತೆ ಅಂತ ನಮ್ಮೂರಲ್ಲಿ ಯಾರಿಗೂ ಬಿಡಿಸಿ ಹೇಳ್ಬೇಕಾಗಿರ್ಲಿಲ್ಲ.

ಹುಡುಗ ಕೇಳ್ದಾಗ ನಾನೇನಂದೆ? "ಊಟ ಮಾಡು ಪುಟ್ಟ, ಆರಿ ಹೋಗುತ್ತೆ." ಅಷ್ಟೇ. ಇವನ ಹೆಸರು ಬರ್ದಿದ್ರೆ ಬರ್ತಿತ್ತಾ ಅಂತ ಮಗು ಕೇಳಿದ್ದಕ್ಕೆ ಅಷ್ಟೇ. ಅವರಮ್ಮಂಗೆ ಫೋನ್ ಮಾಡ್ದೆ. "ಇದೇ ಮೊದಲಲ್ಲ" ಅಂದ್ರು, ದನಿಯಲ್ಲಿ ಸಿಟ್ಟೂ ಇರ್ಲಿಲ್ಲ.

ನಾಳೆ ಅವ್ರ ಜೊತೆ ನಾನೂ ಸ್ಕೂಲಿಗೆ ಹೋಗ್ತಿದೀನಿ. ಎರಡೂ ರಿಪೋರ್ಟ್ ಜೆರಾಕ್ಸ್ ಮಾಡಿ, ಹೆಸರಿದ್ದ ಜಾಗಕ್ಕೆ ಬಿಳಿ ಚೀಟಿ ಅಂಟ್ಸಿ ಬ್ಯಾಗಲ್ಲಿ ಇಟ್ಕೊಂಡಿದೀನಿ.